20 ಮಾರು ನೀರು, 80 ಸೆಂಟ್ಸ್ ಮಳೆ

ಓದುಗರ ಪ್ರಶ್ನೆಗಳಿಗೆ ಸಕಲೇಶಪುರದಿಂದ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಕಡಲ ಸಂಶೋಧನೆಯನ್ನು ಜನರಿಗೆ ತಿಳಿಯುವ ಹಾಗೆ ಹೇಳುವುದೂ ಒಂದು ಉದ್ಯೋಗ, ನಾನು ಅದರಲ್ಲೇ 22 ವರ್ಷ ಅನ್ನ ಉಂಡವಳು ಅಂತ. ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಡುವಾಗ ಸುಮ್ನೆ ಬಂದ ಸಾಲು. ಅದಕ್ಕೆ ಬಂದ ಪತ್ರಗಳನ್ನು ಕಾಫಿ ಕಣದಲ್ಲಿ ಕೂತು ಎರಡು ದಿನ ಓದಿದೆ. ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಯವು. ಕಡಲಿಲ್ಲದ ಊರಿನವರಿಗೇ ಕಡಲಿನ ಆಸೆ ಜಾಸ್ತಿ, ಅಲ್ವಾ? ಈ ಸಲ ಪೂರ್ತಿ ಪುಟ ಅವರಿಗೆ. ಉಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಕೊನೆಯ ವರ್ಷ, ಪ್ರಾಣಿಶಾಸ್ತ್ರ. ಕಡಲನ್ನು ನೋಡಿದ್ದು ಒಂದೇ ಸಲ, ಹೈಸ್ಕೂಲ್ ಟೂರಿನಲ್ಲಿ, ಮಲ್ಪೆಯಲ್ಲಿ, ಅರ್ಧ ಗಂಟೆ. ಈಜು ಬರುವುದಿಲ್ಲ. ಬರೆಯುವುದು ಇಷ್ಟ. ನೀವು ಹೇಳಿದ ಕೆಲಸ ನನ್ನಂಥವಳಿಗೆ ಸಿಗುತ್ತದೆಯೇ? ಏನು ಓದಬೇಕು?
— ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಹೈದರಾಬಾದಿನಲ್ಲೂ ಕಡಲಿಲ್ಲ ತಂಗಿ. ಆದರೆ ದೇಶದ ಮೀನುಗಾರರಿಗೆ 'ಇಂಥ ಕಡೆ ಮೀನು ಸಿಗಬಹುದು' ಎಂಬ ಸೂಚನೆ ಹೋಗುವುದು ಅಲ್ಲಿಂದಲೇ. 1999ರಲ್ಲಿ ಶುರುವಾದ ಇನ್‌ಕಾಯ್ಸ್ ಎಂಬ ಸಂಸ್ಥೆ ಅಲ್ಲಿದೆ. ಸುನಾಮಿ ಎಚ್ಚರಿಕೆ ಕೇಂದ್ರವೂ 2007ರಿಂದ ಅಲ್ಲೇ ಇದೆ. ಮೀನಿನ ಸೂಚನೆಗೆ ಅವರು ಉಪಗ್ರಹದಿಂದ ಎರಡು ವಿಷಯ ನೋಡುತ್ತಾರೆ. ಕಡಲಿನ ಮೇಲ್ಮೈ ಎಷ್ಟು ಬೆಚ್ಚಗಿದೆ, ಎಷ್ಟು ಹಸಿರಾಗಿದೆ. ಹಸಿರು ಅಂದರೆ ಬರಿಗಣ್ಣಿಗೆ ಕಾಣದ ತೇಲು ಸಸ್ಯಗಳು. ಬೆಚ್ಚನೆ ನೀರು, ತಣ್ಣನೆ ನೀರು ಸೇರುವ ಗೆರೆಯಲ್ಲಿ ಅವು ಒಟ್ಟಾಗುತ್ತವೆ. ಅವನ್ನು ತಿನ್ನಲು ಸಣ್ಣ ಜೀವಿಗಳು, ಅವನ್ನು ತಿನ್ನಲು ಮೀನು. ಮೋಡ ಮುಚ್ಚಿದ ದಿನ ಉಪಗ್ರಹದ ಕಣ್ಣಿಗೆ ಏನೂ ಬೀಳುವುದಿಲ್ಲ, ಸೂಚನೆಯೂ ಇಲ್ಲ.

ಈ ಸೂಚನೆ ಕನ್ನಡದಲ್ಲೂ ಬರುತ್ತದೆ. ದಿಕ್ಕು, ದೂರ, ಆಳ, ಇಷ್ಟೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದ್ದೇ ಒಂದು ಹಾಳೆ ಹಿಡಿದು ಬಂದರಿಗೆ ಹೋಗಿದ್ದೆ. 'ಆಳ 36 ಮೀಟರ್' ಅಂತ ಜೋರಾಗಿ ಓದಿದೆ. ಬಲೆ ಹೊಲಿಯುತ್ತಿದ್ದ ವಯಸ್ಸಾದ ತಾಂಡೇಲರೊಬ್ಬರು, ಅಂದರೆ ದೋಣಿ ನಡೆಸುವವರು, ತಲೆ ಎತ್ತದೆ ಕೇಳಿದರು, 'ಎಷ್ಟು ಮಾರು ಅಂತ ಹೇಳಮ್ಮ'. ಎರಡೂ ಕೈ ಚಾಚಿದರೆ ಒಂದು ಮಾರು, ಹೆಚ್ಚುಕಮ್ಮಿ ಆರಡಿ. ಬೆರಳು ಮಡಚಿ ಲೆಕ್ಕ ಹಾಕಿ '20 ಮಾರು' ಅಂದೆ. 'ಅಲ್ಲಿ ಅಡಿಯಲ್ಲಿ ಕಲ್ಲಿದೆ. ಬಲೆ ಹರಿಯುತ್ತೆ. ಸ್ವಲ್ಪ ತೆಂಕಕ್ಕೆ ಹೋದರೆ ಆದೀತು' ಅಂದರು. ಆ ಕಲ್ಲು ನಮ್ಮ ನಕ್ಷೆಯಲ್ಲಿ ಇರಲಿಲ್ಲ. ವಾಪಸ್ ಬಂದು ಹೇಳಿದಾಗ ನಮ್ಮ ವಿಜ್ಞಾನಿ ಮೊದಲು ನಂಬಲಿಲ್ಲ, ಆಮೇಲೆ ಪೆನ್ಸಿಲ್ ತೆಗೆದು ಗುರುತು ಹಾಕಿಕೊಂಡರು.

ನಮ್ಮ ಕಡೆಯೂ ಹೀಗೇ. ತೋಟದವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದ್ದು ಯಾರಾದರೂ ಕೇಳಿದ್ದೀರಾ? 'ರಾತ್ರಿ 80 ಸೆಂಟ್ಸ್ ಹೊಡೀತು' ಅನ್ನುತ್ತಾರೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ರೇಡಿಯೋದಲ್ಲಿ '20 ಮಿಲಿಮೀಟರ್' ಅಂದರೆ ಅಪ್ಪ ತಿರುಗಿಯೂ ನೋಡುತ್ತಿರಲಿಲ್ಲ. 80 ಸೆಂಟ್ಸ್ ಅಂದರೂ ಅದೇ 20 ಮಿಲಿಮೀಟರ್. ನಾನು 22 ವರ್ಷ ಮಾಡಿದ್ದು ಇದನ್ನೇ. ಲೆಕ್ಕ ತಪ್ಪದ ಹಾಗೆ ವಿಷಯವನ್ನು ಕೇಳುವವರ ಅಳತೆಗೆ ತರುವುದು, ಅವರು ಹೇಳಿದ ಕಲ್ಲನ್ನು ವಾಪಸ್ ಹೊತ್ತು ತರುವುದು. ಇದಕ್ಕೆ ಈಜು ಬೇಡ.

ಓದಿನ ವಿಷಯ. ಎಂ.ಎಸ್ಸಿ. ಮಾಡಿ, ಅದರಲ್ಲಿ ಎರಡು ಮಾತಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ, ಕಡಲಿನ ಮಗ್ಗುಲಲ್ಲೇ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ಇದೆ. ಹೊರ ರಾಜ್ಯಕ್ಕೆ ಹೋಗಲು ಮನೆಯಲ್ಲಿ ಒಪ್ಪಿದರೆ ಕೊಚ್ಚಿಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ (ಕುಸಾಟ್), ಗೋವಾ ವಿಶ್ವವಿದ್ಯಾಲಯ. ತಮ್ಮನೋ ತಂಗಿಯೋ ಪಿಯುಸಿಯಲ್ಲಿದ್ದರೆ ಅವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಬಗ್ಗೆ ಹೇಳಿ. ಸಿಇಟಿ ಮೂಲಕ ಸೀಟು, ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಆ ಕಾಲೇಜು 1969ರಿಂದ ಇದೆ. ನಮ್ಮ ಜಿಲ್ಲೆಯಲ್ಲಿ ಕೃಷಿ ಕಾಲೇಜು ಅಂದರೆ ಎಲ್ಲರಿಗೂ ಗೊತ್ತು, ಮೀನುಗಾರಿಕೆ ಕಾಲೇಜು ಅಂದರೆ 'ಮೀನು ಹಿಡಿಯೋಕೆ ಡಿಗ್ರಿ ಬೇಕಾ' ಅಂತ ನಗುತ್ತಾರೆ. ನಗಲಿ ಬಿಡಿ.

ಪತ್ರಿಕೋದ್ಯಮ ಮೊದಲೋ ವಿಜ್ಞಾನ ಮೊದಲೋ ಅಂತ ಇನ್ನೂ ಮೂವರು ಕೇಳಿದ್ದಾರೆ. ನನ್ನ ಅಭಿಪ್ರಾಯ, ವಿಜ್ಞಾನ ಮೊದಲು. ಬರವಣಿಗೆಯನ್ನು ಸಂಜೆ ಹೊತ್ತು ಕಲಿಯಬಹುದು. ಪ್ರಯೋಗಾಲಯದಲ್ಲಿ ಎರಡು ವರ್ಷ ಕೈ ಒದ್ದೆ ಮಾಡಿಕೊಂಡವರಿಗೆ ಒಂದು ಲಾಭ ಇದೆ, ಒಂದು ಅಂಕಿ ನೋಡಿದರೆ ಅದು ಎಷ್ಟು ಕಷ್ಟಪಟ್ಟು ಬಂದಿದೆ ಅಂತ ತಿಳಿಯುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಕೊಡುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಹಾಸನದ ಮೀನು ಮಾರ್ಕೆಟ್ಟಿಗೆ ಹೋಗಿ. ಬಂಗುಡೆ ಯಾವ ಬಂದರಿನಿಂದ ಬಂತು, ಎಷ್ಟು ಹೊತ್ತಿಗೆ ಐಸ್ ಹಾಕಿದರು, ಶಿರಾಡಿ ಘಾಟಿ ಎಷ್ಟು ಹೊತ್ತಿಗೆ ಹತ್ತಿತು, ಹೋದ ವಾರಕ್ಕಿಂತ ಬೆಲೆ ಯಾಕೆ ಜಾಸ್ತಿ ಅಂತ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಹೊತ್ತಲ್ಲಿ ಹೋದರೆ ಇನ್ನೂ ಒಳ್ಳೆಯದು, ಮೀನು ಎಲ್ಲಿಂದ ಬಂತು ಎಂಬುದೇ ಒಂದು ಕಥೆ. 300 ಪದ ಬರೆದು ನನಗೆ ಕಳಿಸಿ. 'ಸಾಗರವು ನಿಸರ್ಗದ ಅದ್ಭುತ ಕೊಡುಗೆ' ಅಂತ ಶುರು ಮಾಡಿದರೆ ಓದದೆ ವಾಪಸ್ ಕಳಿಸುತ್ತೇನೆ.

ಪ್ರಶ್ನೆ: ಅಕ್ಕ, ನನ್ನ ಮಗಳು ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಬಿಟ್ಟು ನಿಮ್ಮ ಹಾಗೆ ಆಗುತ್ತೇನೆ ಎನ್ನುತ್ತಿದ್ದಾಳೆ. ಸಂಬಳ ಎಷ್ಟು ಬರುತ್ತದೆ? ಹಡಗಿನಲ್ಲಿ ಗಂಡಸರ ಜೊತೆ ತಿಂಗಳುಗಟ್ಟಲೆ ಹೋಗಬೇಕಂತೆ, ನಿಜವೇ?
— ಹೆಸರು ಬೇಡ, ಬೇಲೂರು

ಉತ್ತರ: ಮೊದಲು ಸಂಬಳ, ಯಾಕೆಂದರೆ ನಮ್ಮಮ್ಮನೂ ಮೊದಲು ಕೇಳಿದ್ದು ಅದನ್ನೇ. ಬ್ಯಾಂಕಿನಷ್ಟು ಭದ್ರ ಇಲ್ಲ ಅಂತ ನೇರವಾಗಿ ಹೇಳುತ್ತೇನೆ. ಖಾಯಂ ಹುದ್ದೆ ಕಡಿಮೆ. ಹೆಚ್ಚಿನವು ಯೋಜನೆಗೆ ಕಟ್ಟಿದ ಕೆಲಸಗಳು. ಮೂರು ವರ್ಷದ ಯೋಜನೆ ಮುಗಿದರೆ ಕೆಲಸವೂ ಮುಗಿಯಿತು, ಮತ್ತೆ ಅರ್ಜಿ. ನಾನು ಮೊದಲ ಆರು ವರ್ಷ ಪ್ರತಿ ಮಾರ್ಚ್‌ನಲ್ಲಿ ಕೆಲಸ ಉಳಿಯುತ್ತೋ ಇಲ್ಲವೋ ಅಂತ ಕಾಯುತ್ತಿದ್ದೆ. ಒಂದು ಸಲ ನಾಲ್ಕು ತಿಂಗಳ ಸಂಬಳ ಒಟ್ಟಿಗೆ ಬಂತು. ಆ ನಾಲ್ಕು ತಿಂಗಳು ಅಪ್ಪನ ಕಾಳುಮೆಣಸು ನನ್ನನ್ನು ಸಾಕಿತು. ಹೋಲಿಕೆಗೆ ಒಂದು ಅಂಕಿ ಬೇಕಾದರೆ, ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಸೇರುವ ಕಿರಿಯ ಸಂಶೋಧಕರಿಗೆ (ಜೆಆರ್‌ಎಫ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ವಿಜ್ಞಾನ ಬರೆಯುವ ಹೊಸಬರಿಗೆ ಇದಕ್ಕಿಂತ ಜಾಸ್ತಿ ಕೊಡುವ ಜಾಗಗಳು ಕಡಿಮೆ. ಇನ್ನು ಕನ್ನಡ ಪತ್ರಿಕೆಗೆ ಬಿಡಿಬಿಡಿಯಾಗಿ ಬರೆದರೆ ಬರುವ ದುಡ್ಡಿಗೆ ದುಬಾರಿ ಅಂಜಲ್ ಮೀನು ಬರುವುದಿಲ್ಲ, ಅಗ್ಗದ ಬೂತಾಯಿ ಬರುತ್ತದೆ. ಸಂಪಾದಕರು ಈ ಸಾಲು ಕತ್ತರಿಸುವುದಿಲ್ಲ ಅಂತ ನಂಬಿದ್ದೇನೆ.

ಹಾಗಾಗಿ ಮಗಳಿಗೆ ಕೋಚಿಂಗ್ ಪೂರ್ತಿ ಬಿಡಬೇಡ ಅಂತ ಹೇಳಿ. ಬೆಳಿಗ್ಗೆ ಅದು, ರಾತ್ರಿ ಇದು. ಒಂದು ವರ್ಷ ಎರಡನ್ನೂ ಎಳೆದರೆ ಯಾವುದರ ಆಸೆ ನಿಜ ಅಂತ ಅವಳಿಗೇ ಗೊತ್ತಾಗುತ್ತದೆ.

ಹಡಗಿನ ವಿಷಯ. ಬರೆಯುವ ಕೆಲಸದವರು ತಿಂಗಳುಗಟ್ಟಲೆ ಹೋಗುವುದಿಲ್ಲ. ನಾನು 22 ವರ್ಷದಲ್ಲಿ ಹೋಗಿದ್ದು ಮೂರೇ ಸಲ. ಹೆಣ್ಣುಮಕ್ಕಳಿಗೆ ಬೇರೆ ಕ್ಯಾಬಿನ್ ಇರುತ್ತದೆ, ಒಳಗಿನಿಂದ ಚಿಲಕ ಇರುತ್ತದೆ. 1983ರಲ್ಲೇ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದಿದ್ದಾರೆ, ಜೊತೆಗೆ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ನಮ್ಮ ದೇಶದಿಂದ ಅಲ್ಲಿಗೆ ಹೋದ ಮೊದಲ ಮಹಿಳಾ ವಿಜ್ಞಾನಿಗಳು ಅವರಿಬ್ಬರೇ.

ಒಂದು ಸಲವಾದರೂ ಹಡಗು ಹತ್ತುವುದು ಒಳ್ಳೆಯದು ಅಂತ ಯಾಕೆ ಹೇಳುತ್ತೇನೆ ಅಂದರೆ, ನನ್ನ ಕಥೆ ಕೇಳಿ. ಮೊದಲ ಮೂರು ದಿನ ಬರೀ ವಾಂತಿ. ಅಡುಗೆಯವರು ಒಣ ಬ್ರೆಡ್ಡು, ಶುಂಠಿ ಚೂರು ಕೊಟ್ಟು 'ಖಾಲಿ ಹೊಟ್ಟೆಯಲ್ಲಿ ಇರಬೇಡಿ' ಅಂತ ಬೈಯುತ್ತಿದ್ದರು. ನಾಲ್ಕನೇ ರಾತ್ರಿ ಎರಡು ಗಂಟೆಗೆ ಎಬ್ಬಿಸಿದರು, ಆಳದ ನೀರು ಮೇಲೆ ಬರುತ್ತಿದೆ ಅಂತ. ದೊಡ್ಡ ಕಬ್ಬಿಣದ ಚೌಕಟ್ಟು, ಅದರ ಸುತ್ತ ಉದ್ದುದ್ದ ಬಾಟಲಿಗಳು, ಒಂದೊಂದು ಬಾಟಲಿ ಒಂದೊಂದು ಆಳದಲ್ಲಿ ಬಾಯಿ ಮುಚ್ಚಿಕೊಂಡು ಬಂದಿದೆ. ಡೆಕ್ಕಿನ ಮೇಲೆ ಸೆಕೆ, ಬೆವರು ಇಳಿಯುತ್ತಿದೆ. ಒಂದು ಬಾಟಲಿಗೆ ಕೈ ಇಟ್ಟೆ. ಜುಂ ಅಂತು. 2,000 ಮೀಟರ್ ಕೆಳಗಿನ ನೀರು, ಅಲ್ಲಿ ಎರಡು ಮೂರು ಡಿಗ್ರಿ ಅಷ್ಟೆ. ಒಬ್ಬ ಹುಡುಗಿ ನನ್ನ ಕೈ ತಳ್ಳಿ 'ಮೇಡಂ ಮುಟ್ಟಬೇಡಿ, ಮೊದಲು ಆಮ್ಲಜನಕದ ಸ್ಯಾಂಪಲ್ ತೆಗೀಬೇಕು' ಅಂದಳು. ಗಾಳಿ ಸೋಕಿದರೆ ಆ ಲೆಕ್ಕ ಕೆಡುತ್ತದೆ, ಅದಕ್ಕೇ ಅದು ಮೊದಲು. 'ಆಳದ ಕಡಲು ತಣ್ಣಗಿರುತ್ತದೆ' ಅಂತ ಅದಕ್ಕೂ ಮುಂಚೆ ನಾಲ್ಕು ವರ್ಷ ಬರೆದಿದ್ದೆ, ನೋಡಿ. ಗೊತ್ತಾಗಿದ್ದು ಅವತ್ತು.

ಪ್ರಶ್ನೆ: ನಾನು ಕಡಲ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕನ್ನಡದಲ್ಲಿ ಬರೆಯಬೇಕೆಂದಿದೆ. 'ಅದೆಲ್ಲ ಟೈಮ್ ವೇಸ್ಟ್, ತಪ್ಪಾದರೆ ನನ್ನ ಹೆಸರು ಕೆಡುತ್ತದೆ' ಅಂತ ಗೈಡ್ ಹೇಳುತ್ತಾರೆ. ಏನು ಮಾಡಲಿ?
— ಚನ್ನರಾಯಪಟ್ಟಣದವನು, ಈಗ ಗೋವಾದಲ್ಲಿ

ಉತ್ತರ: ನಿಮ್ಮ ಗೈಡ್ ಅರ್ಧ ಸರಿ. ತಪ್ಪಾಗುತ್ತದೆ. ನನ್ನದೇ ತಪ್ಪು ಹೇಳುತ್ತೇನೆ.

ಅರಬ್ಬಿ ಸಮುದ್ರದಲ್ಲಿ ಹೆಚ್ಚುಕಮ್ಮಿ 150 ಮೀಟರಿನಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಒಂದು ದಪ್ಪ ಪದರ ಇದೆ. ಜಗತ್ತಿನಲ್ಲೇ ದೊಡ್ಡವುಗಳಲ್ಲಿ ಒಂದು. ಮೇಲೆ ಬೆಳೆದ ಜೀವಿಗಳು ಸತ್ತು ಕೆಳಗೆ ಬೀಳುತ್ತವೆ, ಅವು ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಹೊಸ ನೀರು ಬಂದು ಸೇರುವುದು ನಿಧಾನ. ಇದರ ಬಗ್ಗೆ ಪತ್ರಿಕೆಗಳಿಗೆ ಒಂದು ಪುಟದ ಟಿಪ್ಪಣಿ ಬರೆಯುವಾಗ 'ಸತ್ತ ವಲಯ' ಅಂತ ಬರೆದೆ. ಇಂಗ್ಲಿಷಿನವರು ಹಾಗೆ ಅನ್ನುತ್ತಾರೆ, ಕನ್ನಡದಲ್ಲೂ ಜೋರಾಗಿ ಕೇಳಿಸಿತು, ನನಗೇ ಖುಷಿಯಾಯಿತು. ಮಾರನೇ ದಿನ ಒಂದು ಪತ್ರಿಕೆಯಲ್ಲಿ 'ಸಾಯುತ್ತಿದೆ ಅರಬ್ಬಿ ಸಮುದ್ರ' ಅಂತ ದಪ್ಪಕ್ಷರ. ಅವತ್ತು ಸಂಜೆ ನಾನು ದಿನಾ ಮೀನು ತೆಗೆದುಕೊಳ್ಳುತ್ತಿದ್ದ ಹೆಂಗಸು ಬುಟ್ಟಿ ತೋರಿಸಿದರು. ಅರ್ಧ ಬುಟ್ಟಿ ಬಂಗುಡೆ ಹಾಗೇ ಇತ್ತು. 'ಸತ್ತ ನೀರಿನ ಮೀನು ತಿನ್ನಬಹುದಾ ಅಂತ ಕೇಳ್ತಾರೆ. ನೀವು ಬರೆದಿದ್ದಂತಲ್ಲ?' ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬಂಗುಡೆ ಇರುವುದು ಮೇಲಿನ ನೀರಿನಲ್ಲಿ. ಅದಕ್ಕೂ ಆ ಪದರಕ್ಕೂ ದಿನನಿತ್ಯದ ಸಂಬಂಧ ಇಲ್ಲ. ಆ ಒಂದು ಸಾಲು ನಾನು ಬರೆದಿರಲಿಲ್ಲ. ಮಳೆಗಾಲದ ಕೊನೆಗೆ, ಗಾಳಿ ಮೇಲಿನ ನೀರನ್ನು ತಳ್ಳಿದಾಗ, ಆಮ್ಲಜನಕ ಕಡಿಮೆ ಇರುವ ತಣ್ಣೀರು ನಮ್ಮ ದಡದ ಹತ್ತಿರಕ್ಕೂ ಮೇಲೇರಿ ಬರುತ್ತದೆ, ಆಗ ಮೀನು ಜಾಗ ಬದಲಿಸುವುದುಂಟು. ಅದೂ ಬರೆದಿರಲಿಲ್ಲ. ಇದ್ದ ಜಾಗವನ್ನೆಲ್ಲ 'ಸತ್ತ ವಲಯ'ಕ್ಕೇ ಕೊಟ್ಟಿದ್ದೆ. ಆಮೇಲೆ ನಾನು ಬಳಸಿದ್ದು 'ಉಸಿರು ಕಮ್ಮಿ ಇರುವ ಪದರ'. ಶೀರ್ಷಿಕೆಗೆ ಸಪ್ಪೆ, ಆದರೆ ಯಾರ ಬುಟ್ಟಿಯೂ ಉಳಿಯಲಿಲ್ಲ.

ಅಂದಿನಿಂದ ಒಂದು ಅಭ್ಯಾಸ. ಬರೆದದ್ದನ್ನು ಇಬ್ಬರಿಗೆ ಓದಿಸುತ್ತೇನೆ. ಒಬ್ಬರು ವಿಜ್ಞಾನಿ. ಇನ್ನೊಬ್ಬರು ಆ ವಿಷಯದಿಂದ ಲಾಭವೋ ನಷ್ಟವೋ ಆಗುವವರು. ವಿಜ್ಞಾನಿಯ ಹತ್ತಿರ 'ತಪ್ಪಿದ್ದರೆ ಗುರುತು ಹಾಕಿ, ವಾಕ್ಯ ತಿದ್ದಬೇಡಿ' ಅಂತ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನೀವು 'ಕಡಲಿನ ಮೇಲ್ಮೈ' ಅಂತ ಬರೆದಿದ್ದು 'ಸಾಗರೀಯ ಉಪರಿತಲ' ಆಗಿ ವಾಪಸ್ ಬರುತ್ತದೆ.

ನಿಮ್ಮ ಗೈಡ್‌ಗೂ ಹೀಗೇ ಹೇಳಿ ನೋಡಿ. 'ಸರ್, ನಿಮಗೆ ತೋರಿಸದೆ ಒಂದು ಸಾಲೂ ಹೊರಗೆ ಹೋಗುವುದಿಲ್ಲ' ಅಂತ. ಇಷ್ಟಕ್ಕೂ ಇದು ಪಡ್ಡೆ ಹುಡುಗರ ಶೋಕಿ ಅಲ್ಲ. ಪಿಎಚ್.ಡಿ. ಮಾಡುವವರು ತಮ್ಮ ಸಂಶೋಧನೆಯನ್ನು ಜನರಿಗೆ ತಿಳಿಯುವ ಹಾಗೆ ಬರೆಯಲಿ ಅಂತ ಕೇಂದ್ರ ವಿಜ್ಞಾನ ತಂತ್ರಜ್ಞಾನ ಇಲಾಖೆಯೇ 2018ರಲ್ಲಿ ಅವಸರ್ ಎಂಬ ಸ್ಪರ್ಧೆ ಶುರು ಮಾಡಿತು, ಮೊದಲ ಬಹುಮಾನ 1 ಲಕ್ಷ ರೂಪಾಯಿ. ದುಡ್ಡಿನ ಮಾತು ಬಂದರೆ ಗೈಡ್‌ಗಳ ಮನಸ್ಸು ಸ್ವಲ್ಪ ಕರಗುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ಹಾಸನದಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಚಿತ್ರ ಚೆನ್ನಾಗಿ ಬರೆಯುತ್ತೇನೆ. ವಿಜ್ಞಾನ ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ನನಗೆ ಜಾಗ ಇದೆಯಾ?
— ಹಾಸನ

ಉತ್ತರ: ಬರೆಯುವವರಿಗಿಂತ ನಿಮಗೆ ಬೇಗ ಸಿಗುತ್ತದೆ. ಸಂಶೋಧನಾ ಪ್ರಬಂಧಕ್ಕೆ ಚಿತ್ರ, ಶಾಲೆಗೆ ಗೋಡೆಪಟ, ಮೀನುಗಾರರಿಗೆ ಜೀವ ಉಳಿಸುವ ಸೂಚನೆಯ ಪೋಸ್ಟರ್, ಎಲ್ಲದಕ್ಕೂ ಜನ ಬೇಕು. ಹತ್ತು ಮೀನು ಬರೆದು ಅಭ್ಯಾಸ ಮಾಡಿ. ಆದರೆ ರೆಕ್ಕೆಯ ಮುಳ್ಳು ಎಣಿಸಿ ಬರೆಯಿರಿ. ಬಂಗುಡೆಯ ಬೆನ್ನಿನ ಮೇಲೆ, ದೊಡ್ಡ ರೆಕ್ಕೆಯಿಂದ ಬಾಲದ ಕಡೆಗೆ, ಪುಟ್ಟಪುಟ್ಟ ರೆಕ್ಕೆಗಳ ಒಂದು ಸಾಲು ಇರುತ್ತದೆ. ಅದನ್ನು ಬಿಟ್ಟರೆ ನಿಮ್ಮ ಚಿತ್ರ ಲಗ್ನಪತ್ರಿಕೆಯ ಮೀನಾಗುತ್ತದೆ. ಕೊಚ್ಚಿಯ ಸಿಎಂಎಫ್‌ಆರ್‌ಐ, ಅಂದರೆ 1947ರಿಂದ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಮಂಗಳೂರಿನಲ್ಲೂ ಒಂದು ಕೇಂದ್ರ ಇಟ್ಟುಕೊಂಡಿದೆ. ಬೆಂಗಳೂರಿನಲ್ಲಿ ದಕ್ಷಿಣ್ ಫೌಂಡೇಶನ್ ಎಂಬ ಸಂಸ್ಥೆ ಕಡಲು, ಮೀನುಗಾರರ ವಿಷಯದಲ್ಲೇ ಕೆಲಸ ಮಾಡುತ್ತದೆ. ಇಂಥ ಕಡೆ ನಿಮ್ಮ ಹತ್ತು ಮೀನು ಕಳಿಸಿ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು 'ನಮ್ಮೂರ ನೀರು ಕಡಲು ಸೇರುತ್ತಾ' ಅಂತ ಕೇಳಿದರು. ಸೇರುತ್ತದೆ ಅಂದೆ. 'ಯಾವ ಕಡಲು' ಅಂದರು. ಸುಮ್ಮನಾದೆ.
— ಶಿಕ್ಷಕ, ಕಡೂರು

ಉತ್ತರ: ಇಂಥ ಪ್ರಶ್ನೆಗೇ ನಾನು ಕಾಯುತ್ತಿರುತ್ತೇನೆ ಮೇಷ್ಟ್ರೇ.

ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾವತಿ ನಿಮ್ಮ ಕಡೂರು ದಾಟಿ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಅಲ್ಲಿಂದ ತುಂಗಭದ್ರಾ, ಕೃಷ್ಣಾ, ಬಂಗಾಳ ಕೊಲ್ಲಿ. ಕಾಗದದ ಮೇಲೆ ಹೀಗೆ. ಆದರೆ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ನಿಮ್ಮೂರ ವೇದಾವತಿಯ ಪಯಣ ಹೆಚ್ಚುಕಮ್ಮಿ ಮಾರಿಕಣಿವೆಯಲ್ಲೇ, ಅಂದರೆ ಆ ಅಣೆಕಟ್ಟಿನಲ್ಲೇ, ಮುಗಿಯುತ್ತಿತ್ತು. ಮಕ್ಕಳಿಗೆ ಇದನ್ನೂ ಹೇಳಿ. ನದಿ ಅಂದರೆ ಕಡಲು ಸೇರಲೇಬೇಕು ಅಂತ ಪಠ್ಯಪುಸ್ತಕ ಹೇಳುತ್ತದೆ, ನದಿಗೆ ಅದು ಗೊತ್ತಿರುವುದಿಲ್ಲ.

ನಿಮ್ಮದೇ ಜಿಲ್ಲೆಯ ಗಂಗಾಮೂಲದಲ್ಲಿ ಇನ್ನೂ ಚೆಂದ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಒಂದೇ ಬೆಟ್ಟದವು. ಮೊದಲೆರಡು ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರಿದರೆ, ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ. ನಮ್ಮ ಸಕಲೇಶಪುರದಲ್ಲೂ ಹೇಮಾವತಿ ಆ ಕಡೆ, ಎತ್ತಿನಹೊಳೆ ಈ ಕಡೆ. ಬಿಸಿಲೆ ಕಡೆಗೆ ಹೋದರೆ ಮಂಕನಹಳ್ಳಿಯಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ, ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಒಂದು ಕಡಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಇನ್ನೊಂದಕ್ಕೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ಊಟ ನಮ್ಮ ಮನೆಯಲ್ಲಿ.

ಎರಡೂ ಕಡಲು ಒಂದೇ ಅಲ್ಲ ಅಂತ ತೋರಿಸಲು ಒಂದು ಪ್ರಯೋಗ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಹಾಕಿ, ಸುಮಾರು 36 ಗ್ರಾಂ. ಅದು ಅರಬ್ಬಿ ಸಮುದ್ರ. ಗಾಜಿನ ಲೋಟದಲ್ಲಿ ಅರ್ಧ ಸುರಿಯಿರಿ. ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಕುಂಕುಮ ಕದಡಿದ ಸಿಹಿನೀರು ಬಿಡಿ. ಕೆಂಪು ಮೇಲೇ ನಿಲ್ಲುತ್ತದೆ. ಅದು ಬಂಗಾಳ ಕೊಲ್ಲಿ. ಗಂಗೆ, ಬ್ರಹ್ಮಪುತ್ರ, ಕೃಷ್ಣೆ ಎಲ್ಲ ತಂದು ಸುರಿಯುವ ಸಿಹಿನೀರು ಮೇಲೆ ಹೊದಿಕೆಯ ಹಾಗೆ ನಿಲ್ಲುತ್ತದೆ, ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬರುವುದಿಲ್ಲ. ಮೇಲಿನ ನೀರು ಬಿಸಿಯಾಗೇ ಉಳಿಯುತ್ತದೆ. ಅಲ್ಲಿ ಚಂಡಮಾರುತ ಜಾಸ್ತಿ ಏಳಲು ಇರುವ ಕಾರಣಗಳಲ್ಲಿ ಇದೂ ಒಂದು. ಇದನ್ನು ಬರೆದು ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನಕ್ಕೆ ಕಳಿಸಿ. ನಾನಲ್ಲ, ನೀವು. ಮೇಷ್ಟ್ರುಗಳಷ್ಟು ಚೆನ್ನಾಗಿ ಈ ಕೆಲಸ ಮಾಡುವವರನ್ನು ನಾನು ಕಂಡಿಲ್ಲ, ಸಂಬಳವೂ ಆಗಲೇ ಬರುತ್ತಿದೆ.

ಪ್ರಶ್ನೆ: 2019ರ ಆಗಸ್ಟ್ ಮಳೆಗೆ ಕಡಲೇ ಕಾರಣ ಅಂತ ಯಾರೋ ಬರೆದಿದ್ದರು. ನಮ್ಮ ಪಕ್ಕದ ಗುಡ್ಡ ಕುಸಿದಿದ್ದಕ್ಕೂ ಆಫ್ರಿಕಾ ಕಡೆಯ ನೀರಿಗೂ ಏನು ಸಂಬಂಧ? ಇದನ್ನೆಲ್ಲ ನಮಗೆ ತಿಳಿಯುವ ಹಾಗೆ ಹೇಳುವವರು ಯಾರು?
— ಬೆಳೆಗಾರ, ಮೂಡಿಗೆರೆ

ಉತ್ತರ: ಹಿಂದೂ ಮಹಾಸಾಗರ ಕೆಲವು ವರ್ಷ ತಕ್ಕಡಿಯ ಹಾಗೆ ವಾಲುತ್ತದೆ. ಆಫ್ರಿಕಾ ಕಡೆಯ ನೀರು ಬೆಚ್ಚಗಾಗಿ, ಸುಮಾತ್ರಾ ಕಡೆಯದು ತಣ್ಣಗಾದರೆ ನಮ್ಮ ಮುಂಗಾರಿಗೆ ಸಾಮಾನ್ಯವಾಗಿ ಅನುಕೂಲ. 2019ರಲ್ಲಿ ಈ ವಾಲುವಿಕೆ ಬಹಳ ಜೋರಾಗಿತ್ತು. ದೇಶದ ಒಟ್ಟು ಮುಂಗಾರು ಮಳೆ ವಾಡಿಕೆಯ 110 ಪರ್ಸೆಂಟ್ ಆಯಿತು. ಇಲ್ಲಿಯವರೆಗೆ ಧೈರ್ಯವಾಗಿ ಹೇಳಬಹುದು.

ಆದರೆ ನಿಮ್ಮ ಪಕ್ಕದ ಗುಡ್ಡ ಬಿದ್ದದ್ದು ಇದರಿಂದಲೇ ಅಂದರೆ ಅದು ಜಿಗಿತ. ಆ ವಾರದ ಮಳೆ, ಗುಡ್ಡದ ಇಳಿಜಾರು, ಮಣ್ಣಿನ ದಪ್ಪ, ಯಾರೋ ಕಡಿದ ರಸ್ತೆ, ಎಲ್ಲ ಲೆಕ್ಕಕ್ಕೆ ಬರಬೇಕು. 'ಕಾರಣ' ಅನ್ನುವ ಪದವನ್ನು ನಾನು ಉಪ್ಪಿನ ಹಾಗೆ ಅಳೆದು ಬಳಸುತ್ತೇನೆ.

ಹೇಳುವವರು ಯಾರು ಅಂದಿರಿ. ಬೆಳೆಗಾರರ ಅಳತೆಯಲ್ಲಿ ಹೇಳುವವರು ಸದ್ಯಕ್ಕೆ ಬಹಳ ಕಡಿಮೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಬ್ಯಾಕಿಂಗ್ ಮಳೆ (ಆಮೇಲೆ ಕಾಯಿ ಕಚ್ಚಲು ಬೇಕಾದ ಮಳೆ) ಅಂದರೆ ಕಡಲ ವಿಜ್ಞಾನಿಗಳಿಗೆ ಗೊತ್ತಾಗುವುದಿಲ್ಲ. ವಾಲುವಿಕೆ ಅಂದರೆ ನಿಮಗೆ ಬೇಸರ. ಮೇಲೆ ಪತ್ರ ಬರೆದ ಹುಡುಗಿಯರು ಓದುತ್ತಿದ್ದರೆ ಕೇಳಿಸಿಕೊಳ್ಳಿ, ಇಲ್ಲೊಂದು ಕೆಲಸ ಖಾಲಿ ಇದೆ. ಮತ್ತೆ ನೀವು, ನಿಮ್ಮ ಮನೆಯ ಹಳೆಯ ಮಳೆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ನಮ್ಮ ಅಪ್ಪನ 31 ವರ್ಷದ ಪುಸ್ತಕದಲ್ಲಿ ನಾಲ್ಕು ವರ್ಷ ಗೆದ್ದಲು ತಿಂದಿದೆ, ಆ ನೋವು ನನಗೆ ಇನ್ನೂ ಇದೆ.

ಪ್ರಶ್ನೆ: ಈಗ ಎಐ ಎಲ್ಲ ಬರೆಯುತ್ತದಲ್ಲ. ನೀವು ಮಕ್ಕಳನ್ನು ಯಾಕೆ ಈ ಕೆಲಸಕ್ಕೆ ಕರೆಯುತ್ತೀರಿ?
— ಚಿಕ್ಕಮಗಳೂರು

ಉತ್ತರ: ನಾನೂ ನೋಡಿದೆ. ಒಂದು ಇಂಗ್ಲಿಷ್ ಟಿಪ್ಪಣಿ ಕೊಟ್ಟು ಕನ್ನಡ ಮಾಡು ಅಂದೆ. ಮೀನಿನ ಹಿಂಡು ಇದ್ದ ಕಡೆ 'ಮೀನಿನ ಶಾಲೆ' ಅಂತ ಬಂತು, ಇಂಗ್ಲಿಷಿನಲ್ಲಿ ಎರಡಕ್ಕೂ 'ಸ್ಕೂಲ್' ಅನ್ನುತ್ತಾರಲ್ಲ. ಅದು ಬೇಗ ಸುಧಾರಿಸುತ್ತದೆ, ಇಲ್ಲ ಅನ್ನುವುದಿಲ್ಲ. ಅನುವಾದ ಒಂದನ್ನೇ ನೆಚ್ಚಿಕೊಂಡವರಿಗೆ ಕಷ್ಟ ಬರುತ್ತದೆ ಅಂತಲೂ ಅನ್ನಿಸುತ್ತದೆ. ಆದರೆ 20 ಮಾರಿನಲ್ಲಿ ಕಲ್ಲಿದೆ ಅಂತ ಅದಕ್ಕೆ ಯಾರು ಹೇಳುತ್ತಾರೆ?

ಪ್ರಶ್ನೆ: ನಿಮ್ಮ ಅಂಕಣದ ಫೋಟೋದಲ್ಲಿ ಮೇಜಿನ ಮೇಲೆ ಒಂದು ಪುಟಾಣಿ ಲೋಟ ಕಾಣುತ್ತದೆ. ಆಟದ ಸಾಮಾನೇ? ನನಗೆ 11 ವರ್ಷ.
— ಆಲೂರು

ಉತ್ತರ: ಪುಟ್ಟ, ಅದು ನಿಜವಾದ ಲೋಟ. ಮದುವೆ ಮನೆಯಲ್ಲಿ ಕಾಫಿ ಕೊಡುತ್ತಾರಲ್ಲ, ಬಿಳಿ ಥರ್ಮೋಕೋಲ್ ಲೋಟ, ಅದೇ. ಹಡಗಿನಲ್ಲಿ ಅದರ ಮೇಲೆ ಪೆನ್ನಿನಲ್ಲಿ ನನ್ನ ಹೆಸರು, ಊರಿನ ಹೆಸರು ಬರೆದು, ಒಂದು ಬಲೆ ಚೀಲದಲ್ಲಿ ಹಾಕಿ, ನೀರು ತರುವ ಚೌಕಟ್ಟಿಗೆ ಕಟ್ಟಿ 2,000 ಮೀಟರ್ ಕೆಳಗೆ ಬಿಟ್ಟರು. ಕಡಲಿನಲ್ಲಿ ಹತ್ತು ಮೀಟರ್ ಇಳಿದರೆ, ನಮ್ಮ ಮೇಲೆ ಈಗ ಗಾಳಿ ಎಷ್ಟು ಒತ್ತುತ್ತಿದೆಯೋ ಅಷ್ಟು ಒತ್ತಡ ಹೆಚ್ಚುತ್ತದೆ. 2,000 ಮೀಟರಿಗೆ ಅಂಥ 200 ಪಟ್ಟು. ಥರ್ಮೋಕೋಲಿನ ಒಳಗಿರುವುದೆಲ್ಲ ಗಾಳಿ ಗುಳ್ಳೆ. ಅವು ಹಿಂಡಿ ಹೋಗಿ ಲೋಟ ಇಡೀ ಕುಗ್ಗಿತು, ಆಕಾರ ಮಾತ್ರ ಹಾಗೇ ಉಳಿಯಿತು. ಬರೆದ ಅಕ್ಷರವೂ ಜೊತೆಗೇ ಕುಗ್ಗಿತು. 'ಸಕಲೇಶಪುರ' ಅಂತ ದೊಡ್ಡದಾಗಿ ಬರೆದಿದ್ದೆ, ಈಗ ಓದಲು ಭೂತಗನ್ನಡಿ ಬೇಕು.

ಹಿಡಿದರೆ ಕಲ್ಲಿನ ಹಾಗೆ ಗಟ್ಟಿ. ಈಗ ಅದರಲ್ಲಿ ಗುಂಡುಪಿನ್ನು ಹಾಕಿಡುತ್ತೇನೆ. ಆಲೂರಿನಿಂದ ನಮ್ಮೂರಿಗೆ ಬಸ್ಸಿದೆ. ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಾ, ಭೂತಗನ್ನಡಿ ನಾನು ಕೊಡುತ್ತೇನೆ.